ಗೆಳೆಯನಿಗೊಂದು ಪತ್ರ: ಬ್ರಾಂಜ್‌ವಿಲ್‌ನ ಕವಿತೆಗಳನ್ನು ಓದು

ಪ್ರೀತಿಯ ಮಂಜು,

ಬಡವರ ಕೇರಿಯ ಮೇಲಿನ ಕವಿತೆ ಅಂದ್ರೆ ಬರೀ ಗೋಳು ಅಂತ ಬರೆದಿದ್ದೀಯ. ನಾನು ಒಪ್ಪೋದಿಲ್ಲ. ಅಮೆರಿಕದ ಕಪ್ಪು ಕವಯಿತ್ರಿ ಗ್ವೆಂಡೊಲಿನ್ ಬ್ರೂಕ್ಸ್ ಅವರನ್ನು ನೀನು ಓದಲೇಬೇಕು.

ಅವರ ಕವಿತೆಗಳಲ್ಲಿ ಬರುವ ಬ್ರಾಂಜ್‌ವಿಲ್ ಅನ್ನೋದು ಶಿಕಾಗೋದ ದಕ್ಷಿಣ ಭಾಗದಲ್ಲಿರುವ ಕಪ್ಪುಜನರ ಬಡಾವಣೆ. ದಕ್ಷಿಣದ ರಾಜ್ಯಗಳಿಂದ ಕೆಲಸ ಹುಡುಕಿಕೊಂಡು ಬಂದವರಿಗೆ ಊರಿನ ಬೇರೆ ಕಡೆ ಮನೆ ಸಿಗುತ್ತಿರಲಿಲ್ಲ. ಕಪ್ಪುಜನರಿಗೆ ಮಾರೋದಿಲ್ಲ, ಬಾಡಿಗೆಗೂ ಕೊಡೋದಿಲ್ಲ ಅಂತ ಬಿಳಿಯರು ಕರಾರನ್ನೇ ಬರೆದುಕೊಂಡಿದ್ದರು. ಹಾಗಾಗಿ ಇದ್ದಷ್ಟು ಜಾಗದಲ್ಲೇ ಜನ ಕಿಕ್ಕಿರಿದರು. ದೊಡ್ಡ ಮನೆಗಳನ್ನು ಒಡೆದು ಕೋಣೆ ಕೋಣೆಯಾಗಿ ಬಾಡಿಗೆಗೆ ಬಿಟ್ಟರು. ಅದಕ್ಕೆ ಕಿಚನೆಟ್ ಅಂತ ಹೆಸರು. ಎಷ್ಟೋ ಸಂಸಾರಗಳಿಗೆ ಒಂದೇ ಬಚ್ಚಲುಮನೆ.

1945ರಲ್ಲಿ ಬಂದ ಬ್ರೂಕ್ಸ್ ಅವರ ಮೊದಲ ಸಂಕಲನದಲ್ಲಿ ಇದರ ಮೇಲೇ ಒಂದು ಪುಟ್ಟ ಕವಿತೆ ಇದೆ. ಆಲೂಗಡ್ಡೆ ಕರಿದ ವಾಸನೆ, ಕಾರಿಡಾರಿನಲ್ಲಿ ಕೊಳೆಯುತ್ತಿರುವ ನಿನ್ನೆಯ ಕಸ, ಇವುಗಳ ನಡುವೆ ಒಂದು ಕನಸು ಮೇಲೇಳೋಕೆ ಆದೀತಾ ಅಂತ ಅದು ಕೇಳುತ್ತದೆ. ಬಂದರೂ ಅದನ್ನು ಬೆಚ್ಚಗೆ, ಚೊಕ್ಕಟವಾಗಿ ಇಟ್ಟುಕೊಳ್ಳೋಕೆ ನಮಗೆಲ್ಲಿ ಪುರುಸೊತ್ತು? ಅಷ್ಟರಲ್ಲಿ ಐದನೇ ನಂಬರಿನ ಕೋಣೆಯವರು ಬಚ್ಚಲಿನಿಂದ ಹೊರಗೆ ಬರುತ್ತಾರೆ. ಉಗುರುಬೆಚ್ಚಗಿನ ನೀರಾದರೂ ಸಿಕ್ಕೀತು ಅಂತ ಮನಸ್ಸು ಅತ್ತ ಓಡುತ್ತದೆ. ಕವಿತೆ ಅಲ್ಲಿಗೆ ಮುಗಿಯಿತು. ಇದರಲ್ಲಿ ಗೋಳೆಲ್ಲಿದೆ ಹೇಳು? ಸರದಿಗೆ ಕಾದವರಿಗಷ್ಟೇ ಗೊತ್ತಾಗುವ ಸಂಗತಿ ಇದು. ಬ್ರೂಕ್ಸ್ ಅವರೂ ಕಿಚನೆಟ್‌ನಲ್ಲಿ ಸಂಸಾರ ಮಾಡಿದವರೇ.

1950ರಲ್ಲಿ ಅವರಿಗೆ ಅಮೆರಿಕದ ದೊಡ್ಡ ಪ್ರಶಸ್ತಿಯಾದ ಪುಲಿಟ್ಜರ್ ಬಂತು. ಕಪ್ಪುಜನರಲ್ಲಿ ಅದನ್ನು ಪಡೆದವರಲ್ಲಿ ಅವರೇ ಮೊದಲಿಗರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಒಂದು ಎಂಟು ಸಾಲಿನ ಕವಿತೆ. ಶಾಲೆಯ ಹೊತ್ತಿನಲ್ಲಿ ಕೆಲವು ಹುಡುಗರು ಪೂಲ್ (ಬಿಲಿಯರ್ಡ್ಸ್ ಥರದ ಆಟ) ಆಡುತ್ತಿದ್ದುದನ್ನು ಅವರು ನೋಡಿದ್ದರು. ಇವರು ಯಾಕೆ ಶಾಲೆಗೆ ಹೋಗಿಲ್ಲ ಅಂತ ಅವರು ಕೇಳಲಿಲ್ಲ. ಈ ಹುಡುಗರಿಗೆ ತಮ್ಮ ಬಗ್ಗೆ ಏನನ್ನಿಸುತ್ತಿರಬಹುದು ಅಂತ ಯೋಚಿಸಿದರು. ಕವಿತೆಯಲ್ಲಿ ಹುಡುಗರೇ ಮಾತಾಡುತ್ತಾರೆ, ಜಂಬದಿಂದಲೇ. ಆದರೆ ಬಹುತೇಕ ಪ್ರತಿ ಸಾಲಿನ ಕೊನೆಗೂ ಒಂದು 'ನಾವು' ಬರುತ್ತದೆ. ಬ್ರೂಕ್ಸ್ ಆ ಪದವನ್ನು ತುಂಬಾ ಮೆಲ್ಲಗೆ ಓದುತ್ತಿದ್ದರು. ಹೊರಗೆ ಅಷ್ಟು ಜೋರಿದ್ದರೂ ಆ ಮಕ್ಕಳಿಗೆ ತಮ್ಮ ಮೇಲೇ ಭರವಸೆ ಸಾಲದು ಅಂತ ಅವರಿಗೆ ಅನ್ನಿಸಿತ್ತು. ಅದನ್ನು ಕೇಳಿದಾಗ ನನಗೆ ಗಂಟಲು ಕಟ್ಟಿತು, ಮಂಜು.

ದೂರ ನಿಂತು ನೋಡಿ ಬರೆದವರಲ್ಲ ಅವರು. 1960ರ ದಶಕದ ಕೊನೆಗೆ ಬ್ಲ್ಯಾಕ್‌ಸ್ಟೋನ್ ರೇಂಜರ್ಸ್ ಅನ್ನೋ ಗ್ಯಾಂಗಿನ ಹುಡುಗರನ್ನು ಕೂರಿಸಿಕೊಂಡು ಕವಿತೆಯ ಪಾಠ ಮಾಡಿದರು. ಹೆಸರು ಬಂದ ಮೇಲೂ ಶಿಕಾಗೋ ಬಿಡಲಿಲ್ಲ.

ಮೊದಲು ಕಿಚನೆಟ್ ಕವಿತೆ ಓದು, ಆಮೇಲೆ ಪೂಲ್ ಹುಡುಗರದ್ದು. ಎರಡನೆಯದನ್ನು ಸುಮ್ನೆ ಕಣ್ಣಾಡಿಸಿ ಬಿಡಬೇಡ, ಬಾಯಿಬಿಟ್ಟು ಓದು. ಅವರೇ ಓದಿದ ಧ್ವನಿಮುದ್ರಣವೂ ಇದೆ, ಸಿಕ್ಕರೆ ಕೇಳು. ಏನನ್ನಿಸಿತು ಅಂತ ತಪ್ಪದೆ ಬರೆ.

ನಿನ್ನ,
ರವಿ