ಮುರಿದ ಬ್ಲೇಡು ಎಸೆಯಬೇಡಿ ಅಪ್ಪ

ಹ್ಯಾಂಬರ್ಗ್
ಭಾನುವಾರ ಸಂಜೆ

ಅಪ್ಪನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನಿಮ್ಮ ಮಂಡಿನೋವು ಹೇಗಿದೆ? ಫೋನಿನಲ್ಲೇ ಹೇಳೋಣ ಅಂದರೆ ಅಮ್ಮ ನಡುವೆ ಬಾಯಿ ಹಾಕಿ ಮುಗಿಸೋಕೆ ಬಿಡುವುದಿಲ್ಲ. ಅದಕ್ಕೇ ಕಾಗದ. ಅವಳಿಗೆ ಓದಿ ಹೇಳಿ, ಪರವಾಗಿಲ್ಲ.

ಹೋದ ವಾರ ವಿಡಿಯೋ ಕಾಲ್‌ನಲ್ಲಿ ನನ್ನ ಮೇಜಿನ ಮೇಲೆ ಬೀಗಗಳು, ಕೊಕ್ಕೆಕಡ್ಡಿಗಳು ಕಂಡಿದ್ದೇ ತಡ, "ಇಷ್ಟು ಓದಿಸಿದ್ದು ಕನ್ನ ಹಾಕೋಕಾ?" ಅಂದಳಲ್ಲ. ಅವಳಿಗೆ ಧೈರ್ಯ ಹೇಳಿ. ಅವೆಲ್ಲ ನಾನೇ ದುಡ್ಡು ಕೊಟ್ಟು ತಂದ ಬೀಗಗಳು. ಕೀಲಿ ಇಲ್ಲದೆ ಬೀಗ ತೆಗೆಯುವುದನ್ನು ಇಲ್ಲಿ ಆಟದ ಹಾಗೆ ಆಡುತ್ತಾರೆ. 1997ರಲ್ಲೇ ಈ ಊರಿನಲ್ಲಿ ಅದಕ್ಕೊಂದು ಸಂಘ ಹುಟ್ಟಿತು, ಸ್ಪರ್ಧೆಗಳೂ ನಡೆಯುತ್ತವೆ. ಈ ಆಟದವರ ಕಟ್ಟುನಿಟ್ಟು ಎರಡೇ. ನಿನ್ನದಲ್ಲದ ಬೀಗ ಮುಟ್ಟಬೇಡ. ನಿನ್ನದೇ ಆದರೂ ಬಾಗಿಲಲ್ಲಿ ಕೆಲಸ ಮಾಡುತ್ತಿರುವ ಬೀಗದ ಮೇಲೆ ಕೈ ಮಾಡಬೇಡ, ಕೆಟ್ಟರೆ ನೀನೇ ಹೊರಗೆ.

ಹೊರಗೆ ನಿಂತ ಅನುಭವ ನನಗಿದೆ ಬಿಡಿ. ಇಲ್ಲಿನ ಬಾಗಿಲಿಗೆ ಹೊರಗಡೆ ಹಿಡಿ ತಿರುಗುವುದಿಲ್ಲ. ಕಸ ಹಾಕಿ ಬರುವಷ್ಟರಲ್ಲಿ ಗಾಳಿಗೆ ಮುಚ್ಚಿಕೊಂಡಿತು. ಕೀಲಿ ಒಳಗೆ, ನಾನು ನೈಟಿಯಲ್ಲಿ ಮೆಟ್ಟಿಲ ಮೇಲೆ. ಒಬ್ಬ ಬೀಗದವನು ಬಂದು ಪ್ಲಾಸ್ಟಿಕ್ ಹಾಳೆಯೊಂದನ್ನು ಸಂದಿಯಲ್ಲಿ ತೂರಿಸಿ ಒಂದೇ ನಿಮಿಷದಲ್ಲಿ ತೆಗೆದ. 180 ಯೂರೋ ಕಿತ್ತುಕೊಂಡ. ಹೊಟ್ಟೆ ಉರಿಯಿತು. ಆದರೆ ಆ ಉರಿಯ ಹಿಂದೆಯೇ ಇದೆಲ್ಲ ಹೇಗೆ ಅನ್ನುವ ಕುತೂಹಲವೂ ಹತ್ತಿತು.

ನಿಮಗೆ ಬರೆಯಬೇಕು ಅನ್ನಿಸಿದ್ದು ಬೀಗಕ್ಕಿಂತ ಜಾಸ್ತಿ ಆ ಕಡ್ಡಿಗಳ ಬಗ್ಗೆ. ಅಂಗಡಿಯಲ್ಲಿ ಸೆಟ್ ಸಿಗುತ್ತದೆ. ನಾನೂ ಒಂದು ತಂದೆ. ಇಲ್ಲಿನ ಬೀಗದ ಕೀಲಿತೂತು ಸಂದುಗೊಂದಿನ ಹಾಗೆ ಸೊಟ್ಟಗೆ, ಇಕ್ಕಟ್ಟಾಗಿರುತ್ತದೆ. ದಪ್ಪ ಕಡ್ಡಿ ಒಳಗೆ ಹೋದರೂ ಅಲ್ಲಾಡುವುದಿಲ್ಲ. ಅದನ್ನು ಸ್ವಲ್ಪ ಉಜ್ಜೋಣ ಅಂತ ಅರ ತಂದವಳು ಅಲ್ಲೇ ಸಿಕ್ಕಿಬಿದ್ದೆ. ಈಗ ಎಲ್ಲ ಮನೆಯಲ್ಲೇ.

ಮೊದಲನೆಯದನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ಮಾಡಿದೆ. ಅದರ ದಪ್ಪ ಸುಮಾರು 0.6 ಮಿಲಿಮೀಟರ್, ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗೆ. ಬೇಗ ಮುಗಿಯಲಿ ಅಂತ ಗ್ರೈಂಡಿಂಗ್ ವೀಲಿಗೆ ಹಿಡಿದೆ. ತುದಿ ಮೊದಲು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು, ನೋಡುತ್ತಿದ್ದ ಹಾಗೇ ನೀಲಿ. ಎಷ್ಟು ಚೆಂದ ಅಂದುಕೊಂಡೆ! ಬೀಗಕ್ಕೆ ಹಾಕಿದರೆ ಬಾಳೆಯ ನಾರಿನ ಹಾಗೆ ಬಾಗಿಹೋಯಿತು. ನೀವಾಗಿದ್ದರೆ ಅಲ್ಲೇ ತಲೆಗೆ ಮೊಟಕುತ್ತಿದ್ದಿರಿ. ನೀಲಿ ಆಯಿತು ಅಂದರೆ 300 ಡಿಗ್ರಿ ಮುಟ್ಟಿತು, ಸಾದಾ ಕಾರ್ಬನ್ ಸ್ಟೀಲಿನ ಹದ ಹೋಯಿತು ಅಂತ. ಭದ್ರಾವತಿ ಫಿಟ್ಟರ್ ಮಗಳಾಗಿ ಇಷ್ಟೂ ಗೊತ್ತಿರಬೇಡವಾ?

ಎರಡನೆಯದಕ್ಕೆ ಬಟ್ಟಲಲ್ಲಿ ನೀರಿಟ್ಟುಕೊಂಡೆ. ಎರಡು ಸೆಕೆಂಡ್ ವೀಲಿಗೆ, ತಕ್ಷಣ ನೀರಿಗೆ. ಬರಿಗೈಯಲ್ಲಿ ಹಿಡಿದಿದ್ದೆ. ಬೆರಳಿಗೆ ಬಿಸಿ ತಾಗುವ ಮೊದಲೇ ಅದ್ದಬೇಕು. ಹದ ಉಳಿಯಿತು, ಆದರೆ ಕೊಕ್ಕೆಯ ಕುತ್ತಿಗೆ ಬೀಗದೊಳಗೇ ಪಟ್ ಅಂತ ಮುರಿಯಿತು. ಆ ತುಂಡನ್ನು ಹೊರಗೆ ತೆಗೆಯೋಕೆ ಅರ್ಧ ಶನಿವಾರ ಹೋಯಿತು. ಕುತ್ತಿಗೆಯ ಒಳಮೂಲೆಯನ್ನು ಚಪ್ಪಟೆ ಅರದಲ್ಲಿ ಚೂಪಾಗಿ ಕೊರೆದಿದ್ದೆ. ಬಿರುಕು ಅಲ್ಲಿಂದಲೇ ಹೊರಟಿದೆ. ಈಗ ಆ ಮೂಲೆಗೆ ಸಣ್ಣ ದುಂಡು ಅರವನ್ನೇ ಹಾಕುತ್ತೇನೆ. ಎಮರಿ ಪೇಪರನ್ನೂ ಕಡ್ಡಿಯ ಉದ್ದಕ್ಕೆ ಎಳೆಯುತ್ತೇನೆ, ಅಡ್ಡಕ್ಕಲ್ಲ. ಮೊದಲು 400 ನಂಬರಿನ ಪೇಪರ್, ಆಮೇಲೆ ಇನ್ನೂ ನುಣುಪಾದ 800. ಅಡ್ಡಗೀರು ಉಳಿದರೆ, ಬೀಗ ತಿರುಗದ ಹಾಗೆ ಒಳಗೆ ತಡೆದು ನಿಂತಿರುವ ಸಣ್ಣ ಪಿನ್ನುಗಳಿಗೆ ಗೊರಗೊರ ತಾಗುತ್ತದೆ, ಬೆರಳಿಗೆ ಬೇಕಾದ ಸುದ್ದಿ ಬರುವುದಿಲ್ಲ.

ಈಗ ನನ್ನ ಮೆಚ್ಚಿನ ಕಬ್ಬಿಣ ಯಾವುದು ಗೊತ್ತಾ? ರಸ್ತೆ ಗುಡಿಸುವ ಗಾಡಿಯ ಪೊರಕೆಕಡ್ಡಿ. ಚಪ್ಪಟೆ ಸ್ಪ್ರಿಂಗ್ ಸ್ಟೀಲು, ಮುರಿದು ಫುಟ್‌ಪಾತ್ ಅಂಚಿನಲ್ಲಿ ಬಿದ್ದಿರುತ್ತದೆ. ಬೆಳಿಗ್ಗೆ ಗಾಡಿ ಹೋದ ಮೇಲೆ ಪಾರಿಜಾತ ಆಯ್ದ ಹಾಗೆ ಆಯ್ದುಕೊಂಡು ಬರುತ್ತೇನೆ. ಪಕ್ಕದ ಮನೆ ಅಜ್ಜಿ ನಾನು ರಸ್ತೆ ಸ್ವಚ್ಛ ಮಾಡುತ್ತಿದ್ದೇನೆ ಅಂತ ತಿಳಿದು ಥ್ಯಾಂಕ್ಸ್ ಹೇಳಿದರು! ಹಳೆಯ ಕಾರ್ ವೈಪರಿನ ರಬ್ಬರಿನೊಳಗಿರುವ ಸ್ಟೀಲ್ ಪಟ್ಟಿಯನ್ನೂ ಬಿಡುವುದಿಲ್ಲ. ಅದನ್ನು ಬಗ್ಗಿಸಿದರೆ ಟೆನ್ಷನ್ ಕಡ್ಡಿ ಆಗುತ್ತದೆ. ಟೆನ್ಷನ್ ಅಂದರೆ ಅಮ್ಮನದ್ದಲ್ಲ. ಒಂದು ಕೈಯಲ್ಲಿ ಬೀಗದ ಸಿಲಿಂಡರನ್ನು, ಅಂದರೆ ಕೀಲಿ ಹೊಕ್ಕು ತಿರುಗುವ ಭಾಗವನ್ನು, ಮೆಲ್ಲಗೆ ತಿರುಗಿಸಿ ಹಿಡಿಯೋಕೆ ಇದು ಬೇಕು. ಇನ್ನೊಂದು ಕೈಯ ಕೊಕ್ಕೆಯಲ್ಲಿ ಪಿನ್ನುಗಳನ್ನು ಒಂದೊಂದಾಗಿ ಎತ್ತಬೇಕು.

ಒಂದೊಂದಾಗಿ ಯಾಕೆ ಅಂದರೆ, ಪಿನ್ನುಗಳು ಕೂರುವ ತೂತುಗಳನ್ನು ಎಷ್ಟೇ ನಾಜೂಕಾಗಿ ಕೊರೆದರೂ ಅವು ಪೂರ್ತಿ ಒಂದೇ ಸಾಲಿನಲ್ಲಿ ಇರುವುದಿಲ್ಲ. ಕೂದಲೆಳೆಯಷ್ಟು ಆಚೀಚೆ. ಹಾಗಾಗಿ ಒಂದು ಪಿನ್ ಮೊದಲು ಬಿಗಿಯುತ್ತದೆ. ಅದನ್ನು ಹುಡುಕಿ ಎತ್ತಿದರೆ ಟಿಕ್ ಅಂತ ಕೂರುತ್ತದೆ, ಆಮೇಲೆ ಮುಂದಿನದು ಬಿಗಿಯುತ್ತದೆ. "ಪರ್‌ಫೆಕ್ಟ್ ಅನ್ನೋದು ಡ್ರಾಯಿಂಗಿನಲ್ಲಿ ಮಾತ್ರ" ಅನ್ನುತ್ತಿದ್ದಿರಲ್ಲ, ಈ ಆಟ ನಿಂತಿರುವುದೇ ಅದರ ಮೇಲೆ.

ನಿಮಗೆ ಇಷ್ಟವಾಗುವ ಒಂದು ಕಥೆ ಇದೆ. ಲಂಡನ್ನಿನಲ್ಲಿ ಬ್ರಾಮಾ ಅನ್ನುವ ಬೀಗದ ಕಂಪನಿಯವರು, ತಮ್ಮ ಬೀಗ ತೆಗೆಯುವ ಸಾಧನ ಮಾಡಿದವರಿಗೆ 200 ಗಿನಿ (ಇಂಗ್ಲೆಂಡಿನ ಹಳೆಯ ಹಣ) ಅಂತ ಬರೆದು ಬೀಗವನ್ನು ಅಂಗಡಿಯ ಕಿಟಕಿಯಲ್ಲೇ ಇಟ್ಟಿದ್ದರು. ದಶಕಗಟ್ಟಲೆ ಯಾರಿಂದಲೂ ಆಗಲಿಲ್ಲ. 1851ರಲ್ಲಿ ಹಾಬ್ಸ್ ಅನ್ನುವ ಅಮೆರಿಕದವನು ಬಂದು ತೆಗೆದ. ಹಿಡಿದದ್ದು 16 ದಿನಗಳಲ್ಲಿ ಒಟ್ಟು 51 ಗಂಟೆ! ಯಾವ ಕಳ್ಳನಿಗೆ ಅಷ್ಟು ಪುರುಸೊತ್ತು, ಅಮ್ಮನನ್ನೇ ಕೇಳಿ.

ರಾತ್ರಿ ಅಡುಗೆಮನೆಯ ಮೇಜಿಗೆ ಪುಟ್ಟ ವೈಸ್ ಬಿಗಿದು ಅರ ಆಡಿಸುತ್ತಾ ಕೂತರೆ ನಿಮ್ಮ ದನಿಯೇ ಕೇಳುತ್ತದೆ. "ಹೋಗುವಾಗ ಒತ್ತು, ಬರುವಾಗ ಎತ್ತು." ರಜೆಯಲ್ಲಿ ನನ್ನ ಕೈ ಮೇಲೆ ಕೈಯಿಟ್ಟು ಕಲಿಸುವಾಗ ಅಳುಬರುತ್ತಿತ್ತು. ಆಫೀಸಿನಲ್ಲಿ ದಿನವೆಲ್ಲ ಸ್ಕ್ರೀನ್ ನೋಡಿ ಬಂದ ಮೇಲೆ, ಕಬ್ಬಿಣದ ಪುಡಿ ಉದುರುವುದನ್ನು ನೋಡುವುದೇ ಈಗ ಒಂದು ಸುಖ.

ಮುಂದಿನ ತಿಂಗಳು ಚಿಕ್ಕಪ್ಪ ಇಲ್ಲಿಗೆ ಬರುವಾಗ ನಿಮ್ಮ ಹಳೆಯ ಸಣ್ಣ ಅರಗಳ ಕಟ್ಟು ಕಳಿಸಿ. ಮುರಿದ ಬ್ಲೇಡುಗಳಿದ್ದರೆ ಅವನ್ನೂ. ಕೈಚೀಲದಲ್ಲಿ ಇಟ್ಟುಕೊಂಡಾರು, ದೊಡ್ಡ ಸೂಟ್‌ಕೇಸಿಗೇ ಹಾಕಿಸಿ.

ಇನ್ನೊಂದು ವಿಷಯ. ಅಟ್ಟದ ಮೇಲಿನ ಅಜ್ಜಿಯ ಟ್ರಂಕಿನ ಬೀಗ ಒಡೆಸುತ್ತೇನೆ ಅಂದಿರಂತೆ. ದಮ್ಮಯ್ಯ, ಬೇಡ. ಅದು ಲಿವರ್ ಬೀಗ, ಅಂದರೆ ಒಳಗೆ ಪಿನ್ನಿನ ಬದಲು ಎತ್ತಬೇಕಾದ ತಗಡುಗಳಿರುವಂಥದ್ದು, ಅಂತ ಕಾಣುತ್ತದೆ. ಹಾಗಿದ್ದರೆ ನನ್ನ ಈ ಕಡ್ಡಿಗಳು ನಡೆಯುವುದಿಲ್ಲ, ಬೇರೆಯೇ ಮಾಡಿಕೊಳ್ಳಬೇಕು. ಟಾರ್ಚ್ ಹಾಕಿ ನೋಡಿ, ಕೀಲಿತೂತಿನ ನಡುವೆ ಸಣ್ಣ ಗೂಟ ನಿಂತಿದೆಯಾ? ತೂತಿನ ಎತ್ತರ ಅಳೆದು ಬರೆಯಿರಿ. ಅಮ್ಮ ಕೊಬ್ಬರಿ ಎಣ್ಣೆ ಬಿಡೋಕೆ ಬರುತ್ತಾಳೆ, ಬಿಡಬೇಡಿ. ಅದಕ್ಕೆ ಧೂಳು ಹಿಡಿದು ಅಂಟಾಗುತ್ತದೆ.

ನಿಮ್ಮ ಮಗಳು