ಮಿರಾ ಆ್ಯಂಡ್ರೀವಾ, ಅವಳ ಸಿಟ್ಟು ಮತ್ತು ಎರಡನೇ ಸರ್ವ್: ಗೆಳೆಯನಿಗೊಂದು ಪತ್ರ

ಗೆಳೆಯಾ,

ಮಿರಾ ಆ್ಯಂಡ್ರೀವಾ ಅನ್ನೋ ರಷ್ಯಾದ ಟೆನಿಸ್ ಆಟಗಾರ್ತಿ ಬಗ್ಗೆ ನೀನು ಬರೆದಿದ್ದು ಓದಿದೆ. ‘ಆಟ ಇದೆ, ತಾಳ್ಮೆ ಇಲ್ಲ. ಈ ಸಿಟ್ಟು ಇಟ್ಟುಕೊಂಡು ಗ್ರ್ಯಾನ್‌ಸ್ಲಾಮ್ ಗೆಲ್ಲೋದು ಕಷ್ಟ’ ಅಂತ ಎರಡೇ ಮಾತಲ್ಲಿ ಮುಗಿಸಿಬಿಟ್ಟಿದ್ದೀಯ. ನನಗೆ ಹಾಗೆ ಅನ್ನಿಸುವುದಿಲ್ಲ. ಸಿಟ್ಟು ಕಣ್ಣಿಗೆ ಬೇಗ ಬೀಳುತ್ತೆ, ಟಿವಿಯವರು ಅದನ್ನೇ ತಿರುಗಿಸಿ ತಿರುಗಿಸಿ ತೋರಿಸುತ್ತಾರೆ. ನನಗೆ ಚಿಂತೆ ಇರೋದು ಅವಳ ಎರಡನೇ ಸರ್ವ್ ಬಗ್ಗೆ, ಅಂದರೆ ಮೊದಲ ಸರ್ವ್ ತಪ್ಪಿದಾಗ ಸಿಗುವ ಎರಡನೇ ಅವಕಾಶದ ಬಗ್ಗೆ. ಅದು ಯಾಕೆ ಅಂತ ಹೇಳೋಕೆ ಮೆಸೇಜ್ ಸಾಕಾಗಲ್ಲ, ಅದಕ್ಕೇ ಈ ಪತ್ರ. ನಿನ್ನ ಹಾಗೇ ಯೋಚಿಸುವವರು ಇನ್ನೂ ಇದ್ದಾರೆ, ಅವರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ.

ಮೊದಲು ಅವಳಲ್ಲಿ ಏನಿದೆ ಅಂತ ನೋಡೋಣ. ಎಲ್ಲಕ್ಕಿಂತ ಮೇಲೆ ನಾನು ಇಡೋದು ಅವಳ ಕಣ್ಣನ್ನು. ಚೆಂಡು ಎಲ್ಲಿಗೆ ಬರುತ್ತೆ, ಎದುರಾಳಿ ಯಾವ ಕಡೆ ವಾಲಿದ್ದಾಳೆ, ಅಂಗಳದಲ್ಲಿ ಖಾಲಿ ಜಾಗ ಎಲ್ಲಿದೆ ಅನ್ನೋದು ಅವಳಿಗೆ ಬೇರೆಯವರಿಗಿಂತ ಸ್ವಲ್ಪ ಮುಂಚೆಯೇ ಗೊತ್ತಾಗುತ್ತೆ. 2024ರ ಫ್ರೆಂಚ್ ಓಪನ್ ಕ್ವಾರ್ಟರ್‌ಫೈನಲ್ ನೆನಪಿದೆಯಲ್ವಾ? ಎದುರಿಗೆ ಜೋರು ಹೊಡೆತಕ್ಕೆ ಹೆಸರಾದ ಅರಿನಾ ಸಬಲೆಂಕಾ. ಅವತ್ತು ಸಬಲೆಂಕಾಗೆ ಹುಷಾರಿರಲಿಲ್ಲ, ನಿಜ. ಆದರೂ ಮೊದಲ ಸೆಟ್ಟನ್ನು, 6-6 ಆದಾಗ ಆಡುವ ಟೈಬ್ರೇಕಲ್ಲಿ ಸೋತು, ಆಮೇಲೆ 6-4, 6-4ರಲ್ಲಿ ಗೆಲ್ಲೋದು 17 ವರ್ಷದ ಹುಡುಗಿಗೆ ಸಣ್ಣ ವಿಷಯ ಅಲ್ಲ. ಗೆಲುವಿನ ಪಾಯಿಂಟ್ ಬಂದಿದ್ದು ಎದುರಾಳಿಯ ತಲೆ ಮೇಲಿಂದ ಎತ್ತಿ ಹೊಡೆಯುವ ಲಾಬ್‌ನಿಂದ. ಅಂಥ ಹೊತ್ತಲ್ಲಿ ಲಾಬ್ ಹೊಡೆಯೋಕೆ ಯಾರಿಗೆ ತೋಚುತ್ತೆ ಹೇಳು! ಪಂದ್ಯ ಮುಗಿದ ಮೇಲೆ ಅವಳು ಹೇಳಿದ್ದೂ ಹಾಗೇ ಇತ್ತು: ಕೋಚ್ ಜೊತೆ ಕೂತು ಪ್ಲ್ಯಾನ್ ಮಾಡಿದ್ದೆವು, ಆಡುವಾಗ ಒಂದೂ ನೆನಪಿರಲಿಲ್ಲ, ಅನ್ನಿಸಿದ ಹಾಗೆ ಆಡಿದೆ ಅಂತ. 1997ರ ಯುಎಸ್ ಓಪನ್‌ನಲ್ಲಿ ಮಾರ್ಟಿನಾ ಹಿಂಗಿಸ್ ಆಡಿದ ಮೇಲೆ, ಅಷ್ಟು ಚಿಕ್ಕ ವಯಸ್ಸಿನವರು ಯಾರೂ ಗ್ರ್ಯಾನ್‌ಸ್ಲಾಮ್ ಸೆಮಿಫೈನಲ್‌ಗೆ ಬಂದಿರಲಿಲ್ಲ.

ಹಾಗಂತ ಬರೀ ಬುದ್ಧಿಯ ಆಟ ಅಲ್ಲ ಅವಳದು. ಎರಡು ಕೈಯ ಬ್ಯಾಕ್‌ಹ್ಯಾಂಡ್ ಇದೆಯಲ್ಲ, ಅದನ್ನು ಡೌನ್ ದಿ ಲೈನ್, ಅಂದರೆ ಪಕ್ಕದ ಗೆರೆಗುಂಟ ನೇರಕ್ಕೆ, ತಿರುಗಿಸುವಾಗ ಒಂದು ಸಲ ಅವಳ ಭುಜ ನೋಡು. ಕ್ರಾಸ್ ಕೋರ್ಟ್, ಅಂದರೆ ಓರೆಯಾಗಿ, ಹೊಡೆಯುವಾಗ ಹೇಗಿರುತ್ತೋ ಹಾಗೇ ಇರುತ್ತೆ, ಕೊನೇ ಕ್ಷಣದವರೆಗೂ ಬದಲಾಗಲ್ಲ. ಎದುರಾಳಿ ಅಲ್ಲೇ ಕಾಲು ಊರಿ ನಿಂತಿರುತ್ತಾಳೆ, ಚೆಂಡು ಆ ಕಡೆ ಹೋಗಿಬಿಟ್ಟಿರುತ್ತೆ. ರಿಟರ್ನ್ ಕೂಡ ಅಷ್ಟೇ ಚೆನ್ನಾಗಿದೆ, ಜೋರು ಸರ್ವ್ ಬಂದರೂ ರ್‍ಯಾಕೆಟ್ಟನ್ನು ಹಿಂದಕ್ಕೆ ಜಾಸ್ತಿ ಎಳೆಯದೆ ಆ ವೇಗವನ್ನೇ ಬಳಸಿ ಕಾಲಬುಡಕ್ಕೆ ವಾಪಸ್ ಕಳಿಸುತ್ತಾಳೆ. ಕೈಯಲ್ಲಿ ನಯ ಇದೆ. ಚೆಂಡನ್ನು ನೆಟ್ ಆಚೆಗೇ ಮೆಲ್ಲಗೆ ಬೀಳಿಸುವ ಡ್ರಾಪ್ ಶಾಟ್ ಬರುತ್ತೆ, ನೆಟ್ ಹತ್ತಿರ ಹೋಗೋಕೆ ಹೆದರಿಕೆ ಇಲ್ಲ. ಡಬಲ್ಸ್ ಆಡಿದ್ದೂ ಇದಕ್ಕೆ ಸಹಾಯ ಮಾಡಿದೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಡಯಾನಾ ಶ್ನೈಡರ್ ಜೊತೆ ಬೆಳ್ಳಿ ಗೆದ್ದಳಲ್ಲ.

2025ರ ಫೆಬ್ರುವರಿ ಮತ್ತು ಮಾರ್ಚ್ ತಿಂಗಳಲ್ಲಿ ಇದೆಲ್ಲ ಒಟ್ಟಿಗೆ ಕೂಡಿಬಂತು. ದುಬೈ ಗೆದ್ದಳು, ಅದರ ಬೆನ್ನಿಗೇ ಇಂಡಿಯನ್ ವೆಲ್ಸ್ ಗೆದ್ದಳು. ಎರಡೂ ಸೇರಿ ಸತತ 12 ಪಂದ್ಯ. ಇಗಾ ಶ್ವಾಂಟೆಕ್ ಮತ್ತು ಎಲೆನಾ ರಿಬಾಕಿನಾ ಇಬ್ಬರನ್ನೂ ಎರಡೂ ಕಡೆ ಸೋಲಿಸಿದಳು. ಇಂಡಿಯನ್ ವೆಲ್ಸ್ ಫೈನಲ್‌ನಲ್ಲಿ ಮತ್ತೆ ಸಬಲೆಂಕಾ. ಮೊದಲ ಸೆಟ್ 2-6. ಅಲ್ಲಿಂದ ಎದ್ದು ಬಂದು 6-4, 6-3! ಆ ಹೊಡೆತಗಳ ಮುಂದೆ ಮೊಲದ ಹಾಗೆ ಓಡಿದೆ ಅಂತ ಅವಳೇ ಹೇಳಿದಳು. ಟ್ರೋಫಿ ಹಿಡಿದು ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಕೊನೆಗೆ ತನಗೆ ತಾನೇ ಥ್ಯಾಂಕ್ಸ್ ಹೇಳಿಕೊಂಡಳು, ಬಿಟ್ಟುಕೊಡದೆ ಕೊನೇವರೆಗೂ ಹೋರಾಡಿದ್ದಕ್ಕೆ. ಕೆಲವರು ಇದನ್ನು ಜಂಭ ಅಂದರು. ನನಗಂತೂ ತುಂಬಾ ಇಷ್ಟವಾಯಿತು.

ಈಗ ನಿನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಇಲ್ಲ ಅಂತ ಹೇಳೋಕೆ ಆಗಲ್ಲ. 2023ರ ಫ್ರೆಂಚ್ ಓಪನ್‌ನಲ್ಲಿ ಕೊಕೊ ಗಾಫ್ ಎದುರು ಆಡುವಾಗ ಚೆಂಡನ್ನು ಜನರ ಕಡೆಗೆ ಹೊಡೆದಳು. ಅದೇ ವರ್ಷ ವಿಂಬಲ್ಡನ್‌ನಲ್ಲಿ ಮ್ಯಾಡಿಸನ್ ಕೀಸ್ ಎದುರು ರ್‍ಯಾಕೆಟ್ ಎಸೆದಳು ಅಂತ ಅಂಪೈರ್ ಪಾಯಿಂಟ್ ಕಿತ್ತುಕೊಂಡರು. ಜಾರಿ ಬಿದ್ದಿದ್ದು ಅಂತ ಅವಳ ವಾದ. ಪಂದ್ಯ ಮುಗಿದ ಮೇಲೆ ಅಂಪೈರ್ ಕೈ ಕುಲುಕಲೂ ಇಲ್ಲ. ಆಮೇಲೆ 2025ರ ಫ್ರೆಂಚ್ ಓಪನ್ ಕ್ವಾರ್ಟರ್‌ಫೈನಲ್. ಆಯೋಜಕರು ಕೊಡುವ ವೈಲ್ಡ್ ಕಾರ್ಡ್‌ನಲ್ಲಿ ಬಂದಿದ್ದ, 361ನೇ ರ್‍ಯಾಂಕಿನ ಲೋಯಿಸ್ ಬೊಯಿಸನ್ ಎದುರು ಸೋತಳು. ಬೊಯಿಸನ್ ಫ್ರಾನ್ಸಿನವಳು, ಇಡೀ ಸ್ಟೇಡಿಯಂ ಅವಳ ಕಡೆ ಇತ್ತು, ಪ್ರತಿ ಪಾಯಿಂಟಿಗೂ ಕೂಗಾಟ. ಮೊದಲ ಸೆಟ್‌ನಲ್ಲಿ ಮಿರಾಗೆ ಸೆಟ್ ಪಾಯಿಂಟ್ ಸಿಕ್ಕಿತ್ತು, ಕೈತಪ್ಪಿತು. ಚೆಂಡನ್ನು ಮೇಲಕ್ಕೆ ಹೊಡೆದು ಎಚ್ಚರಿಕೆ ತಗೊಂಡಳು. ಕೊನೆಗೆ 7-6, 6-3.

ನೀನು ನಿಲ್ಲಿಸಿದ್ದು ಇಲ್ಲಿ. ಆದರೆ ಮನಸ್ಸು ಗಟ್ಟಿಯಿಲ್ಲದವರು 2024ರ ಆಸ್ಟ್ರೇಲಿಯನ್ ಓಪನ್ ಮೂರನೇ ಸುತ್ತಿನಲ್ಲಿ ಡಯೇನ್ ಪ್ಯಾರಿ ಎದುರು ಆಡಿದ ಹಾಗೆ ಆಡೋಕೆ ಸಾಧ್ಯವಾ? ಕೊನೇ ಸೆಟ್‌ನಲ್ಲಿ 1-5ರಿಂದ ಹಿಂದೆ ಇದ್ದಳು. ಮ್ಯಾಚ್ ಪಾಯಿಂಟ್ ಉಳಿಸಿಕೊಂಡಳು. ಟೈಬ್ರೇಕ್‌ವರೆಗೂ ಎಳೆದು ಗೆದ್ದಳು. ಆಗ ಕಾಮೆಂಟರಿಯಲ್ಲಿ ಒಬ್ಬರು ನಿನ್ನ ಮಾತನ್ನೇ ಹೇಳುತ್ತಿದ್ದರಂತೆ: ಈ ಹುಡುಗಿ ಸೋಲುವಾಗ ತನ್ನ ಮೇಲೆ ತಾನೇ ಜಾಸ್ತಿ ಕೋಪ ಮಾಡಿಕೊಳ್ಳುತ್ತಾಳೆ, ಮನಸ್ಸಿನ ಕಡೆ ಕೆಲಸ ಆಗಬೇಕು ಅಂತ. ಅರ್ಧ ಗಂಟೆಯಲ್ಲಿ ಅವಳು ಗೆದ್ದಿದ್ದನ್ನು ನೋಡಿ ಬ್ರಿಟನ್ನಿನ ಟೆನಿಸ್ ತಾರೆ ಆ್ಯಂಡಿ ಮರ‍್ರೆ ಬರೆದರು, ಬಹುಶಃ ತನ್ನ ಮೇಲೆ ತಾನು ತೋರಿಸುವ ಆ ಕಟ್ಟುನಿಟ್ಟೇ ಅವಳನ್ನು ಗೆಲ್ಲಿಸಿರಬಹುದು ಅಂತ. ಮರ‍್ರೆಯೂ ಅಂಗಳದಲ್ಲಿ ತನ್ನನ್ನು ತಾನೇ ಬೈದುಕೊಂಡು ಆಡಿದವರು. ಅವರಿಗೆ ಗೊತ್ತಿರುತ್ತೆ.

ಹಾಗಾದರೆ ತೊಂದರೆ ಎಲ್ಲಿದೆ? ಎರಡನೇ ಸರ್ವ್‌ನಲ್ಲಿ. ಮೊದಲ ಸರ್ವ್ ಕಳೆದ ಒಂದೆರಡು ವರ್ಷದಲ್ಲಿ ಚೆನ್ನಾಗಿ ಬೆಳೆದಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಅದು ಒಳಗೆ ಬೀಳದಿದ್ದಾಗ ನೋಡು. ಎರಡನೇ ಸರ್ವ್‌ಗೆ ಕೈಯನ್ನು ಇನ್ನೂ ಜೋರಾಗಿ ಬೀಸಬೇಕು, ಆ ಬೀಸು ಸ್ಪಿನ್ ಆಗಿ ಚೆಂಡನ್ನು ಕೆಳಗಿಳಿಸಬೇಕು. ಆಗಲೇ ಅದು ಪುಟಿದು ಎದುರಾಳಿಯ ಭುಜದ ಎತ್ತರಕ್ಕೆ ಏರೋದು. ಹೆದರಿಕೆ ಆದಾಗ ಯಾರಿಗೇ ಆಗಲಿ ಕೈ ನಿಧಾನವಾಗುತ್ತೆ. ಮಿರಾಗೂ ಅದೇ ಆಗುತ್ತೆ. ಚೆಂಡು ಸುಮ್ನೆ ಹೋಗಿ ಬಾಕ್ಸ್ ಮಧ್ಯದಲ್ಲಿ ಗಿಡ್ಡವಾಗಿ ಬೀಳುತ್ತೆ, ಇಲ್ಲ ಅಂದರೆ ಎರಡನೆಯದೂ ತಪ್ಪಿ ಡಬಲ್ ಫಾಲ್ಟ್, ಪಾಯಿಂಟ್ ಎದುರಾಳಿಗೆ. ಸಬಲೆಂಕಾ, ರಿಬಾಕಿನಾ ಅಂಥವರು ಅಂಥ ಚೆಂಡಿಗೇ ಕಾಯುತ್ತಿರುತ್ತಾರೆ. ಎರಡು ಹೆಜ್ಜೆ ಮುಂದೆ ಬಂದು ಹೊಡೆದರು ಅಂದರೆ ಮಿರಾ ಮೊದಲ ಹೊಡೆತದಿಂದಲೇ ಓಡುತ್ತಿರಬೇಕು. ತನ್ನದೇ ಸರ್ವ್ ಗೇಮ್‌ನಲ್ಲಿ!

ಇಲ್ಲಿಂದಲೇ ಸಿಟ್ಟು ಹುಟ್ಟೋದು ಅಂತ ನನ್ನ ಲೆಕ್ಕ. ಅವಳಿಗೆ ಆಟ ಅಷ್ಟು ಸ್ಪಷ್ಟವಾಗಿ ಕಾಣುತ್ತೆ, ಮುಂದಿನ ಮೂರು ಹೊಡೆತ ಹೇಗಿರಬೇಕು ಅಂತ ಮನಸ್ಸಲ್ಲೇ ಇರುತ್ತೆ, ಆದರೆ ಆ ಮೂರು ಹೊಡೆತ ಶುರುವಾಗುವ ಮುಂಚೆಯೇ ಪಾಯಿಂಟ್ ಕೈಬಿಟ್ಟು ಹೋಗಿರುತ್ತೆ. ಬೇರೆಯವರ ಸರ್ವ್‌ನಲ್ಲಿ ಗೇಮ್ ಗೆದ್ದು ಬ್ರೇಕ್ ಗಿಟ್ಟಿಸೋಕೆ ಬೆವರು ಸುರಿಸಿರುತ್ತಾಳೆ, ಮರುಗೇಮ್‌ನಲ್ಲೇ ಎರಡು ಡಬಲ್ ಫಾಲ್ಟ್ ಮಾಡಿ ಅದನ್ನು ವಾಪಸ್ ಕೊಟ್ಟರೆ ಯಾರಿಗೆ ಸಿಟ್ಟು ಬರಲ್ಲ? ಸಿಟ್ಟು ತಣಿಸು ಅಂತ ಬುದ್ಧಿ ಹೇಳಿ ಪ್ರಯೋಜನ ಇಲ್ಲ. ಸರ್ವ್ ಮೇಲೆ ನಂಬಿಕೆ ಬಂದರೆ ಅರ್ಧ ಸಿಟ್ಟು ತಾನಾಗೇ ಇಳಿಯುತ್ತೆ.

ಫೋರ್‌ಹ್ಯಾಂಡ್ ಬಗ್ಗೆಯೂ ಹೇಳಬೇಕು. ಸಮಯ ಸಿಕ್ಕರೆ ಚೆನ್ನಾಗೇ ಹೊಡೆಯುತ್ತಾಳೆ. ಅವಸರ ಮಾಡಿಸಿದರೆ ಚೆಂಡು ಗಿಡ್ಡ ಬೀಳುತ್ತೆ. ಅದೂ ಅಲ್ಲದೆ ಒಂದೇ ಹೊಡೆತಕ್ಕೆ ಪಾಯಿಂಟ್ ಮುಗಿಸುವ ಬಲ ಆ ಕಡೆಯಿಂದ ಇನ್ನೂ ಬಂದಿಲ್ಲ. ವಿಂಬಲ್ಡನ್ 2025ರಲ್ಲಿ ಬೆಲಿಂಡಾ ಬೆನ್ಸಿಚ್ ಎದುರು 7-6, 7-6ರಲ್ಲಿ ಸೋತ ಪಂದ್ಯದಲ್ಲಿ ನನಗೆ ಅನ್ನಿಸಿದ್ದು ಇದೇ. ಅಷ್ಟು ಹತ್ತಿರ ಇದ್ದರೂ ಎರಡೂ ಟೈಬ್ರೇಕಲ್ಲಿ ಅವಳ ಕೈಯಲ್ಲಿ ಸುಲಭವಾಗಿ ಪಾಯಿಂಟ್ ತಂದುಕೊಡುವ ಆಯುಧ ಇರಲಿಲ್ಲ. ಬುದ್ಧಿಯಿಂದ ಕಟ್ಟಿದ ಪಾಯಿಂಟ್‌ಗಳಿಗೆ ಶ್ರಮ ಜಾಸ್ತಿ.

ಇನ್ನೊಂದು ವಿಷಯ ನಿನಗೆ ಖಂಡಿತ ಹಿಡಿಸುತ್ತೆ. ಅದೇ ವಿಂಬಲ್ಡನ್‌ನಲ್ಲಿ ಎಮ್ಮಾ ನವಾರೊ ಎದುರು ಗೆದ್ದಾಗ ಗೆದ್ದಿದ್ದೇ ಅವಳಿಗೆ ಗೊತ್ತಾಗಲಿಲ್ಲ! ರಾಯಲ್ ಬಾಕ್ಸ್‌ನಲ್ಲಿ ರೋಜರ್ ಫೆಡರರ್ ಕೂತಿದ್ದರು. ಮಿರಾ ಮುಂದಿನ ಪಾಯಿಂಟಿಗೆ ಸಿದ್ಧವಾಗುತ್ತಿದ್ದಳು, ಆಮೇಲೆ ತನ್ನವರ ಕಡೆ ನೋಡಿ ಬಾಯಿ ತೆರೆದು ನಿಂತಳು. ನಡುಕ ಬರಬಾರದು ಅಂತ ತಾನು ಬ್ರೇಕ್ ಪಾಯಿಂಟ್ ಉಳಿಸಿಕೊಳ್ಳುತ್ತಿದ್ದೇನೆ ಅಂತ ಮನಸ್ಸಿಗೆ ಹೇಳಿಕೊಂಡು, ಹಾಗೇ ಸ್ಕೋರ್ ಮರೆತುಬಿಟ್ಟಿದ್ದಳಂತೆ. ಎಂಥ ಉಪಾಯ ನೋಡು. ತನ್ನ ಮನಸ್ಸಿನ ಜೊತೆ ಹೇಗೆ ವ್ಯವಹರಿಸಬೇಕು ಅಂತ ಒಬ್ಬಳೇ ದಾರಿ ಹುಡುಕುತ್ತಿರುವ ಹುಡುಗಿ ಅದು. ಅವಳನ್ನು ತಾಳ್ಮೆಯಿಲ್ಲದವಳು ಅಂತ ತಳ್ಳಿಹಾಕೋಕೆ ನನಗೆ ಮನಸ್ಸು ಬರಲ್ಲ.

ಕೋಚ್ ಆಗಿ ಕೊಂಚಿತಾ ಮಾರ್ಟಿನೆಜ್ ಇದ್ದಾರೆ ಅನ್ನೋದು ನನಗೆ ಸಮಾಧಾನ. 1994ರ ವಿಂಬಲ್ಡನ್ ಫೈನಲ್‌ನಲ್ಲಿ ಮಾರ್ಟಿನಾ ನವ್ರಾಟಿಲೋವಾ ಅವರನ್ನು ಸೋಲಿಸಿದವರು. ಅವರೂ ಬರೀ ಬಲವನ್ನು ನಂಬಿ ಆಡಿದವರಲ್ಲ. ಸ್ಪಿನ್, ಎತ್ತರ, ವೇಗದಲ್ಲಿ ಬದಲಾವಣೆ, ಇದೇ ಅವರ ಆಟ. ಮಿರಾಗೆ ಇಂಥವರೇ ಬೇಕು. ಜೋರಾಗಿ ಹೊಡೆಯೋದೊಂದನ್ನೇ ಹೇಳಿಕೊಡುವ ಕೋಚ್ ಸಿಕ್ಕಿದ್ದರೆ ಆ ಕಣ್ಣು ಹಾಳಾಗುತ್ತಿತ್ತು.

2025ರ ದ್ವಿತೀಯಾರ್ಧ ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ. ಜುಲೈಯಲ್ಲಿ 5ನೇ ರ್‍ಯಾಂಕಿಗೆ ಏರಿದವಳು ಯುಎಸ್ ಓಪನ್‌ನಲ್ಲಿ ಟೇಲರ್ ಟೌನ್‌ಸೆಂಡ್ ಎದುರು ಮೂರನೇ ಸುತ್ತಿಗೇ ಹೊರಬಿದ್ದಳು. ವರ್ಷದ ಕೊನೆಗೆ ಅಗ್ರ ಎಂಟು ಆಟಗಾರ್ತಿಯರಷ್ಟೇ ಆಡುವ ಡಬ್ಲ್ಯುಟಿಎ ಫೈನಲ್ಸ್‌ನ ಸಿಂಗಲ್ಸ್‌ನಲ್ಲಿ ಕೊನೇ ಜಾಗ ರಿಬಾಕಿನಾ ಪಾಲಾಯಿತು. ಆದರೆ ಅವಳು ಹುಟ್ಟಿದ್ದು 2007ರಲ್ಲಿ ಮಾರಾಯ. ಅವಳಲ್ಲಿ ಇರೋದು ಹೇಳಿಕೊಟ್ಟರೆ ಬರುವಂಥದ್ದಲ್ಲ, ಇಲ್ಲದ್ದು ಮಾತ್ರ ಹೇಳಿಕೊಟ್ಟರೆ ಬರುವಂಥದ್ದು. ಸರ್ವ್ ಸರಿಮಾಡಿಕೊಂಡವರು ಟೆನಿಸ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ಡಬಲ್ ಫಾಲ್ಟ್ ಮೇಲೆ ಡಬಲ್ ಫಾಲ್ಟ್ ಮಾಡಿ 2022ರಲ್ಲಿ ಅಂಗಳದಲ್ಲೇ ಕಣ್ಣೀರು ಹಾಕಿದ್ದ ಸಬಲೆಂಕಾ, ಸರ್ವ್ ಮಾಡುವ ರೀತಿಯನ್ನೇ ತಿದ್ದಿಕೊಂಡು 2023ರ ಆಸ್ಟ್ರೇಲಿಯನ್ ಓಪನ್ ಗೆಲ್ಲಲಿಲ್ಲವಾ?

ನನ್ನ ಅಂದಾಜು ಹೇಳಿಬಿಡುತ್ತೇನೆ. ಅವಳ ಮೊದಲ ಗ್ರ್ಯಾನ್‌ಸ್ಲಾಮ್ ಪ್ಯಾರಿಸ್‌ನಲ್ಲೇ ಬರುತ್ತೆ. ಫ್ರೆಂಚ್ ಓಪನ್ ನಡೆಯುವ ಆವೆಮಣ್ಣಿನ ಮೇಲೆ ಚೆಂಡು ನಿಧಾನವಾಗುತ್ತೆ, ಫೋರ್‌ಹ್ಯಾಂಡಿಗೆ ಸಮಯ ಸಿಗುತ್ತೆ, ಎರಡನೇ ಸರ್ವ್ ಸ್ವಲ್ಪ ಮೆದುವಾಗಿದ್ದರೂ ನಡೆಯುತ್ತೆ. ವಿಂಬಲ್ಡನ್ ಹುಲ್ಲಿನ ಮೇಲೆ ಇನ್ನೂ ಕಾಯಬೇಕು.

ಮುಂದಿನ ಸಲ ಅವಳ ಪಂದ್ಯ ನೋಡುವಾಗ ಒಂದು ಕೆಲಸ ಮಾಡು. ಸ್ಕೋರ್ 30-30 ಆಗಿ ಗೇಮ್ ಸಮಸಮ ಇದ್ದಾಗ ಅವಳ ಮುಖ ನೋಡಬೇಡ, ಎರಡನೇ ಸರ್ವ್ ಎಲ್ಲಿ ಬೀಳುತ್ತೆ ಅಂತ ನೋಡು. ಲೈನ್ ಹತ್ತಿರ ಬೀಳುತ್ತಾ, ಮಧ್ಯದಲ್ಲಾ? ಆ ಪಂದ್ಯ ಮುಗಿದ ತಕ್ಷಣ ನನಗೆ ಬರಿ. ಫೋರ್‌ಹ್ಯಾಂಡ್ ಬಗ್ಗೆ ನಿನ್ನ ಅಭಿಪ್ರಾಯವನ್ನೂ ಸೇರಿಸಿ ಬರಿ, ಅದರಲ್ಲಿ ನನಗಿಂತ ನಿನ್ನ ಕಣ್ಣು ಚುರುಕು.

ಇಂತಿ,
ನಿನ್ನ ಗೆಳೆಯ