ಅಕ್ಟೋಬರ್ ಸೆಕೆಗೂ ಒಗ್ಗುತ್ತದೆ ಹಳೇ ಕಾಲದ ಸೆಂಟು

ಮಾನ್ಯ ಸಂಪಾದಕರೇ,

ನವರಾತ್ರಿಯ ಹೊತ್ತಿಗೆ ಮುಂಬಯಿಯ ಸೆಂಟಿನಂಗಡಿಗಳಲ್ಲಿ ಎಲ್ಲರಿಗೂ ಸಿಗುವ ಸಲಹೆ ಒಂದೇ: ಈ ಸೆಕೆಗೆ ನಿಂಬೆ, ಕಿತ್ತಳೆಯ ತೆಳು ವಾಸನೆಯದನ್ನೇ ತಗೊಳ್ಳಿ, ಹಳೇ ಕಾಲದ ಗಾಢ ಸೆಂಟು ಇಲ್ಲಿ ನಡೆಯುವುದಿಲ್ಲ. ಈ ಮಾತು ಒಪ್ಪುವಂಥದ್ದಲ್ಲ. ಶೀಪ್ರ್ ಎಂಬ ಹಳೇ ಜಾತಿಯ ಗಾಢ ಸೆಂಟುಗಳು ಮಳೆ ನಿಂತ ಮೇಲಿನ ಈ ಹವೆಗೆ ಬಹಳ ಚೆನ್ನಾಗಿ ಒಗ್ಗುತ್ತವೆ. ಅಳತೆ ಮಾತ್ರ ತಿಳಿದಿರಬೇಕು.

ಫ್ರಾನ್ಸಿನ ಸೆಂಟು ತಯಾರಕ ಫ್ರಾನ್ಸ್‌ವಾ ಕೋಟಿ 1917ರಲ್ಲಿ ತಂದ ‘ಶೀಪ್ರ್’ನಿಂದ ಈ ಜಾತಿಗೆ ಹೆಸರು ಬಂತು, ಅದೇ ಜಾತಿಯ, ಗೆರ್ಲಾಂ ಕಂಪನಿಯ 1919ರ ‘ಮಿತ್ಸುಕೊ’ ಇಂದಿಗೂ ಮಾರುಕಟ್ಟೆಯಲ್ಲಿದೆ. ವಾಸನೆ ಹಂತಹಂತವಾಗಿ ಏಳುತ್ತದೆ: ಮೇಲೆ ನಿಂಬೆ ಜಾತಿಯ ಬರ್ಗಮೊಟ್ ಹಣ್ಣಿನ ಚುರುಕು, ನಡುವೆ ಗುಲಾಬಿ, ಮಲ್ಲಿಗೆ, ಕೊನೆಗೆ ಉಳಿಯುವ ತಳದಲ್ಲಿ ಲ್ಯಾಬ್ಡನಮ್ ಎಂಬ ಗಿಡದ ಅಂಟು ಮತ್ತು ಓಕ್ ಮರದ ತೊಗಟೆಯ ಮೇಲೆ ಬೆಳೆಯುವ ಒಂದು ಬಗೆಯ ಕಲ್ಲುಹೂವು. ನಮ್ಮ ಮಸಾಲೆ ಡಬ್ಬಿಯ ಕಲ್ಲುಹೂವು, ಅಂದರೆ ಇಲ್ಲಿಯವರು ಗೋಡಾ ಮಸಾಲೆಗೆ ಹಾಕುವ ದಗಡಫೂಲ್, ಅದೇ ಕುಟುಂಬದ್ದು. ಒಣಗಿದ ಚೂರೊಂದನ್ನು ಅಂಗೈಯಲ್ಲಿ ತಿಕ್ಕಿ ಮೂಸಿದರೆ ಮಣ್ಣು, ಮರದ ವಾಸನೆ ಬರುತ್ತದಲ್ಲ, ಈ ಸೆಂಟಿನ ತಳ ಹೆಚ್ಚುಕಡಿಮೆ ಆ ದಿಕ್ಕಿನದೇ.

ಕೆಡುವುದೂ ಇಲ್ಲೇ. ನಾಲ್ಕು ತಿಂಗಳ ಮಳೆಗೆ ಕಪಾಟಿನ ಬಟ್ಟೆ ಮುಗ್ಗಲು ಹಿಡಿದಿರುತ್ತದೆ. ಅದರ ಜೊತೆ ಈ ಸೆಂಟು ಸೇರಿದರೆ ಹಸಿ ಗೋಡೆಯ ವಾಸನೆ ಏಳುತ್ತದೆ, ದೂರು ಮಾತ್ರ ಸೆಂಟಿನ ಮೇಲೆ. ಮೊದಲು ಬಟ್ಟೆಗೆ ಒಂದು ದಿನ ಚೆನ್ನಾಗಿ ಬಿಸಿಲು ಕಾಣಿಸಿ. ರೇಷ್ಮೆಯಾದರೆ ನೆರಳಿನಲ್ಲಿ ಗಾಳಿಗೆ ಹರವಿ.

ಸ್ಪ್ರೇ ಸೀಸೆಯ ಒಂದು ಒತ್ತಿಗೆ ಸುಮಾರು 0.1 ಮಿ.ಲೀ. ಬೀಳುತ್ತದೆ. ಮುಂಬಯಿಯ ಹಗಲಿಗೆ ಒಂದೇ ಒತ್ತು ಸಾಕು. ಸಂಜೆಗೆ ತಂಪಾಗುವ ಪುಣೆಯಲ್ಲಾದರೆ ಎರಡು. ಸ್ನಾನವಾಗಿ ಮೈ ಪೂರ್ತಿ ಒಣಗಿದ ಮೇಲೆ, ಮನೆ ಬಿಡುವ ಅರ್ಧ ಗಂಟೆ ಮೊದಲೇ, ಬಟ್ಟೆಯ ಒಳಗೆ ಹೊಟ್ಟೆಯ ಮೇಲೆ ಹಾಕಿಕೊಳ್ಳಿ. ಲೋಕಲ್ ಹತ್ತುವಷ್ಟರಲ್ಲಿ ಮದ್ಯಸಾರದ ಘಾಟು, ಬರ್ಗಮೊಟ್‌ನ ಜೋರು ಇಳಿದಿರುತ್ತದೆ. ಪಕ್ಕದಲ್ಲಿ ಒತ್ತಿಕೊಂಡು ನಿಂತವರಿಗೆ ತಲೆನೋವಾಗುವುದಿಲ್ಲ. ಕತ್ತಿಗೆ ಬೇಡ. ಹಳೆಯ ಸೀಸೆಗಳ ಬರ್ಗಮೊಟ್ ಎಣ್ಣೆಯಲ್ಲಿರುವ ಬರ್ಗಾಪ್ಟೆನ್ ಎಂಬ ಅಂಶಕ್ಕೆ ಬಿಸಿಲು ತಾಗಿದರೆ ಚರ್ಮ ಕಂದಿ ಕಲೆ ಉಳಿಯಬಹುದು.

ಎ.ಸಿ. ಕಚೇರಿಯಲ್ಲಿ ಕುಳಿತು ಮಧ್ಯಾಹ್ನ ‘ವಾಸನೆ ಹೋಯಿತು’ ಎಂದು ಇನ್ನೊಮ್ಮೆ ಹಾಕಿಕೊಳ್ಳುವವರು ಬಹಳ. ಸೆಂಟು ಹೋಗಿರುವುದಿಲ್ಲ: ತಣ್ಣಗಿನ ಮೈಯಿಂದ ಅದು ನಿಧಾನ ಏಳುತ್ತದೆ, ಮೂಗೂ ಅದಕ್ಕೆ ಒಗ್ಗಿಹೋಗಿರುತ್ತದೆ. ಸಂಜೆ ದಾದರ್ ಸೇತುವೆಯ ಮೆಟ್ಟಿಲು ಹತ್ತಿ ಮೈ ಬಿಸಿಯಾದಾಗ ಬೆಳಗಿನದು, ಮಧ್ಯಾಹ್ನದ್ದು ಎರಡೂ ಒಟ್ಟಿಗೆ ಏಳುತ್ತವೆ.

ಮಲ್ಲಿಗೆ ಮುಡಿದ ದಿನವೂ ಸಂಕೋಚವಿಲ್ಲದೆ ಹಾಕಿಕೊಳ್ಳಬಹುದು, ಒಳಗೆ ಮಲ್ಲಿಗೆ ಹೇಗೂ ಇದೆ. ತಲೆಗೆ ಘಮಘಮ ಎಣ್ಣೆ ಹಚ್ಚಿದ ದಿನ ಬೇಡ. ರೇಷ್ಮೆ ಸೀರೆ, ಮುತ್ತಿನ ಸರದ ಮೇಲಂತೂ ಎಂದಿಗೂ ಬೇಡ: ಸೀರೆಗೆ ಕಂದು ಕಲೆ, ಮುತ್ತಿನ ಹೊಳಪಿಗೆ ಕುತ್ತು.

ಹಳೆಯ ಸೀಸೆ ಕೊಳ್ಳುವವರು ಗಮನಿಸಬೇಕಾದ್ದು: ಓಕ್ ಕಲ್ಲುಹೂವಿನಲ್ಲಿ ಸಹಜವಾಗಿರುವ ಅಟ್ರನಾಲ್, ಕ್ಲೋರೊಅಟ್ರನಾಲ್ ಎಂಬ ಅಂಶಗಳು ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತವೆ. ಯುರೋಪಿಯನ್ ಒಕ್ಕೂಟ ಅವನ್ನು ನಿಷೇಧಿಸಿದ್ದು 2017ರಲ್ಲಿ. ಅದಕ್ಕೆ ಹಿಂದಿನ ಸೀಸೆಗಳಲ್ಲಿ ಅವು ಇರಬಹುದು. ಮೊಣಕೈಯ ಒಳಬದಿಗೆ ಒಂದು ಹನಿ ಹಚ್ಚಿ ಎರಡು ದಿನ ನೋಡಿ. ಕೆಂಪಾದರೆ, ತುರಿಸಿದರೆ ಬಿಟ್ಟುಬಿಡಿ. ಮುಚ್ಚಳ ತೆಗೆದಾಗ ಉಗುರುಬಣ್ಣದ ವಾಸನೆ ಹೊಡೆದರೆ ಗಾಬರಿ ಬೇಡ, ಮೇಲಿನ ಹಣ್ಣಿನ ಭಾಗ ಮಾತ್ರ ಹಳಸಿರಬಹುದು. ಹತ್ತು ನಿಮಿಷ ಕಾಯಿರಿ.

ಅಂಗಡಿಯವರಲ್ಲಿ ಒಂದು ಮನವಿ. ಕಾಗದದ ಪಟ್ಟಿಯ ಮೇಲೆ ಸಿಂಪಡಿಸಿ ಮೂಗಿಗೆ ಹಿಡಿದು, ಆ ಕ್ಷಣವೇ ಬಿಲ್ ಮಾಡಿಸಬೇಡಿ. ಶೀಪ್ರ್‌ನ ತಳದ ವಾಸನೆ ತೆರೆದುಕೊಳ್ಳಲು ಗಂಟೆಗಳೇ ಬೇಕು. ಗಿರಾಕಿಯ ಕೈಗೆ ಒಂದು ಒತ್ತು ಹಾಕಿ ಮನೆಗೆ ಕಳಿಸಿ, ನಾಳೆ ಬರಲಿ.

– ಓದುಗರು, ಮಾಟುಂಗಾ, ಮುಂಬಯಿ